ಡೆವಲಪರ್‌ಗೆ ಯಾವ ಗಣಿತ? ಅಂದಾಜಿಗೆ ಹಾಕಿದ ಸಂಖ್ಯೆಯಿಂದ ಶುರು ಮಾಡಿ

ಕೆಲವು ವರ್ಷಗಳ ಹಿಂದೆ ಯುಗಾದಿ ಆಫರ್‌ಗೆ ಅಂತ ಕೂಪನ್ ಕೋಡ್ ತಯಾರಿಸುವ ಕೆಲಸ ನಮ್ಮ ಟೀಮಿಗೆ ಬಂತು. ಬರೆದವಳು ನಾನೇ. ಆರು ಅಂಕಿಯ ರ‍್ಯಾಂಡಮ್ ಕೋಡ್. ಬೇಕಿದ್ದದ್ದು 2,000. ಆರು ಅಂಕಿ ಅಂದರೆ 10 ಲಕ್ಷ ಸಂಖ್ಯೆಗಳಿವೆ, ಅದರಲ್ಲಿ ಒಂದೇ ಕೋಡ್ ಇಬ್ಬರಿಗೆ ಎಲ್ಲಿ ಹೋಗುತ್ತೆ ಬಿಡು ಅಂದುಕೊಂಡೆ. ಹಬ್ಬದ ದಿನ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುವಾಗ ಫೋನ್ ಬಂತು. ಹೋಗಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. 2,000 ಕೋಡ್‌ಗಳಲ್ಲಿ ಎರಡೆರಡಾಗಿ ಜೋಡಿ ಮಾಡಿದರೆ ಸುಮಾರು 20 ಲಕ್ಷ ಜೋಡಿ ಆಗುತ್ತವೆ. ಒಂದು ಜೋಡಿಯಲ್ಲಿ ಎರಡೂ ಕೋಡ್ ಒಂದೇ ಆಗುವ ಸಾಧ್ಯತೆ 10 ಲಕ್ಷಕ್ಕೆ 1. ಅಂದರೆ ಸರಾಸರಿ ಎರಡು ಡಿಕ್ಕಿ (ಒಂದೇ ಕೋಡ್ ಎರಡು ಸಲ ಬರೋದು). ಒಂದಾದರೂ ಡಿಕ್ಕಿ ಆಗುವ ಸಾಧ್ಯತೆ ಶೇ 86. ಇಷ್ಟು ಸಂಖ್ಯೆಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅನ್ನುವ ಸೂತ್ರವನ್ನು ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಕೊಟ್ಟಿದ್ದ. ನಾನು ಅದನ್ನು ಪಿಯುಸಿಯಲ್ಲಿ ಉರು ಹೊಡೆದು, ಪರೀಕ್ಷೆ ಬರೆದು, ಮರೆತಿದ್ದೆ.

ಡೇಟಾಬೇಸ್‌ನಲ್ಲಿ ಯೂನಿಕ್ (ಒಂದೇ ಕೋಡ್ ಎರಡು ಸಲ ಸೇರಬಾರದು) ಅಂತ ಹಾಕಿದ್ದರೆ ಆಗ್ತಿತ್ತಲ್ಲ ಅಂತೀರಾ? ನಿಜ, ಹಾಕಬೇಕಿತ್ತು. ಆದರೆ ಕೋಡ್‌ಗಳು ಎರಡು ಬೇರೆ ಸರ್ವರ್‌ಗಳಲ್ಲಿ ತಯಾರಾಗಿ ನೇರ ಎಸ್‌ಎಂಎಸ್‌ಗೆ ಹೋಗುತ್ತಿದ್ದವು. ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. 10 ಲಕ್ಷದಲ್ಲಿ 2,000 ಅಂದರೆ 500ಕ್ಕೆ 1. ಯಾರಾದರೂ ಸುಮ್ನೆ ಕೂತು ಆರಂಕಿ ಒತ್ತುತ್ತಾ ಹೋದರೆ ಸಂಜೆಯೊಳಗೆ ಒಂದು ಕೂಪನ್ ಗ್ಯಾರಂಟಿ ಅನ್ನುವ ಹಾಗಿತ್ತು.

ನಗು ಬರುವ ವಿಷಯ ಏನಂದರೆ, ಆ ತಿಂಗಳು ದಿನಾ ರಾತ್ರಿ ನಾನು ಗಣಿತ ಓದುತ್ತಲೇ ಇದ್ದೆ. ಓದುತ್ತಿದ್ದದ್ದು ಕ್ಯಾಟಗರಿ ಥಿಯರಿ. ಯಾಕೆ? ಪಕ್ಕದ ಟೀಮಿನವರು ಊಟದ ಹೊತ್ತಿಗೆ ಮೊನಾಡ್ ಮೊನಾಡ್ (ಆ ಥಿಯರಿಯಿಂದ ಬಂದ ಪದ) ಅಂತಿದ್ದರು, ಅದಕ್ಕೆ.

ಯಾವ ಗಣಿತ ಕಲಿಯಲಿ ಅಂತ ಆಮೇಲೆ ನನ್ನನ್ನು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ. ನಿಮ್ಮ ಕೋಡ್‌ನಲ್ಲಿ ಅಂದಾಜಿಗೆ ಹಾಕಿದ ಸಂಖ್ಯೆಗಳು ಎಲ್ಲಿವೆ ನೋಡಿ, ಉತ್ತರ ಅಲ್ಲಿದೆ. ಅದನ್ನು ಮಾಡೋದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ಎರಡು ವಾರ ಒಂದು ನೋಟ್‌ಬುಕ್ ಇಡಿ

ಈ ಎರಡು ವಾರ ಏನನ್ನೂ ಕಲಿಯಬೇಡಿ. ಪುಸ್ತಕ ಕೊಳ್ಳಬೇಡಿ, ಕೋರ್ಸ್ ಸೇರಬೇಡಿ. ಒಂದು 40 ಪುಟದ ನೋಟ್‌ಬುಕ್ ತಗೊಂಡು ಮೂರು ಬಗೆಯ ಸಂಗತಿ ಬರೆದಿಡಿ.

ಮೊದಲನೆಯದು, ಕಾನ್ಫಿಗ್ ಫೈಲಿನ ಸಂಖ್ಯೆಗಳು. ಟೈಮ್‌ಔಟ್ 30 ಸೆಕೆಂಡ್. ಕನೆಕ್ಷನ್ ಪೂಲ್ (ಡೇಟಾಬೇಸ್ ಜೊತೆ ತೆರೆದಿಟ್ಟ ಸಂಪರ್ಕಗಳು) 10. ಹೋಲಿಕೆಯ ಮಿತಿ (ಎರಡು ವಾಕ್ಯ ಒಂದೇ ಥರ ಅನ್ನಲು ಬೇಕಾದ ಅಂಕ) 0.7. ರೀಟ್ರೈ 3. ಪ್ರತಿಯೊಂದರ ಮುಂದೆ "ಇದೇ ಯಾಕೆ?" ಅಂತ ಬರೆಯಿರಿ. ಮುಕ್ಕಾಲು ಪಾಲು ಉತ್ತರ "ಹಿಂದೆ ಇದ್ದವರು ಹಾಕಿದ್ದರು" ಅಂತಲೇ ಇರುತ್ತದೆ.

ಎರಡನೆಯದು, ಕೋಡ್ ರಿವ್ಯೂನಲ್ಲಿ ಅರ್ಥವಾಗದೆ ಸರಿ ಅಂದ ಜಾಗಗಳು. ಯಾರೂ ನೋಡುವುದಿಲ್ಲ, ಪ್ರಾಮಾಣಿಕವಾಗಿ ಬರೆಯಿರಿ.

ಮೂರನೆಯದು, ಮೀಟಿಂಗ್‌ನಲ್ಲಿ ನೀವು ತಲೆ ಆಡಿಸಿದ ಪದಗಳು.

"ಮಷೀನ್ ಲರ್ನಿಂಗ್ ಕಲಿಯಬೇಕು" ಅಂತ ಮಾತ್ರ ಬರೆಯಬೇಡಿ. ಅದು ಆಸೆ, ಪ್ರಶ್ನೆ ಆಗಲಿಲ್ಲ. "ಸರ್ವರ್ ಶೇ 90 ಬ್ಯುಸಿ ಇದ್ದಾಗ ಯಾಕೆ ಇದ್ದಕ್ಕಿದ್ದ ಹಾಗೆ ಎಲ್ಲ ನಿಧಾನ ಆಗುತ್ತೆ" ಅನ್ನೋದು ಪ್ರಶ್ನೆ.

ಎರಡು ವಾರ ಆದಮೇಲೂ ನೋಟ್‌ಬುಕ್ ಖಾಲಿ ಇದೆಯಾ? ಹಾಗೂ ಆಗುತ್ತದೆ. ಎಷ್ಟೋ ಡೆವಲಪರ್‌ಗಳ ದಿನನಿತ್ಯದ ಕೆಲಸಕ್ಕೆ ಮೇಲ್ಮಟ್ಟದ ಗಣಿತ ಬೇಕಾಗುವುದೇ ಇಲ್ಲ. ಹಾಗಿದ್ದರೆ ಕೆಲಸದ ನೆಪ ಬಿಟ್ಟು ಇಷ್ಟಕ್ಕೆ ಕಲಿಯಿರಿ, ಯಾವುದು ಬೇಕಾದರೂ ಆಗುತ್ತದೆ. ಸಂಗೀತ ಕಲಿಯೋರು ಉಪಯೋಗ ಏನು ಅಂತ ಕೇಳಿ ಕಲಿಯುತ್ತಾರಾ?

ಹೆಜ್ಜೆ 2: ಪ್ರಶ್ನೆಗೆ ಶಾಖೆ ಹುಡುಕಿ

ಈ ಹೆಜ್ಜೆಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ನೋಟ್‌ಬುಕ್‌ನ ಪ್ರತಿ ಸಾಲಿನ ಪಕ್ಕ ಒಂದು ಶಾಖೆಯ ಹೆಸರು ಬರೆಯಬೇಕು.

*ಸಂಖ್ಯೆಗಳು, ಕಾಯುವಿಕೆ, ಅಲರ್ಟ್: ಪ್ರಾಬಬಿಲಿಟಿ*

ಬೆಂಗಳೂರಿನ ಬ್ಯಾಕೆಂಡ್ ಡೆವಲಪರ್‌ಗಳಲ್ಲಿ ಹೆಚ್ಚಿನವರಿಗೆ ಮೊದಲು ಬೇಕಾಗಿರೋದು ಇದು ಅಂತ ನನ್ನ ನಂಬಿಕೆ. ಇದು ಫ್ಯಾಷನ್ ಆಗಿಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ.

ದರ್ಶಿನಿಯನ್ನೇ ತಗೊಳ್ಳಿ. ನಿಮಿಷಕ್ಕೆ ಇಬ್ಬರು ಬರುತ್ತಾರೆ, ಒಬ್ಬೊಬ್ಬರೂ ಟೋಕನ್ ತಗೊಂಡು ತಿಂಡಿ ಮುಗಿಸಿ ಹೋಗಲು 10 ನಿಮಿಷ ಇರುತ್ತಾರೆ. ಯಾವ ಹೊತ್ತಿಗೆ ನೋಡಿದರೂ ಸರಾಸರಿ 20 ಜನ ಇರುತ್ತಾರೆ. ಬರುವ ವೇಗ ಗುಣಿಸು ಇರುವ ಹೊತ್ತು, ಅಷ್ಟೇ. ಇದಕ್ಕೆ ಲಿಟಲ್ ನಿಯಮ ಅಂತ ಹೆಸರು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ಈಗ ನಿಮ್ಮ ಕನೆಕ್ಷನ್ ಪೂಲ್ ನೋಡಿ. ಸೆಕೆಂಡಿಗೆ 200 ರಿಕ್ವೆಸ್ಟ್, ಪ್ರತಿಯೊಂದೂ ಕನೆಕ್ಷನ್ ಹಿಡಿದುಕೊಳ್ಳೋದು 50 ಮಿಲಿಸೆಕೆಂಡ್. ಗುಣಿಸಿದರೆ 10. ಸರಾಸರಿಯಲ್ಲೇ 10 ಕನೆಕ್ಷನ್ ಬ್ಯುಸಿ. ಪೂಲ್ ಕೂಡ 10 ಇಟ್ಟಿದ್ದರೆ ಉಸಿರಾಡಲು ಜಾಗ ಇಲ್ಲ.

ಸರ್ವರ್ ಯಾಕೆ ಇದ್ದಕ್ಕಿದ್ದ ಹಾಗೆ ನಿಧಾನವಾಗುತ್ತೆ ಅನ್ನೋದಕ್ಕೂ ಇಲ್ಲೇ ಉತ್ತರ. ಒಂದೇ ಕೌಂಟರ್, ಜನ ಯಾವಾಗ ಬರುತ್ತಾರೋ ಗೊತ್ತಿಲ್ಲ, ಒಬ್ಬೊಬ್ಬರ ಕೆಲಸ ಎಷ್ಟು ಹೊತ್ತು ಹಿಡಿಯುತ್ತೋ ಅದೂ ಗೊತ್ತಿಲ್ಲ ಅನ್ನುವ ಸರಳ ಮಾದರಿಯಲ್ಲಿ, ಕೌಂಟರ್ ಶೇ 50 ಬ್ಯುಸಿ ಇದ್ದರೆ ಅಲ್ಲಿ ಸರಾಸರಿ ಒಬ್ಬರು ಇರುತ್ತಾರೆ. ಶೇ 80 ಆದರೆ 4 ಜನ. ಶೇ 90ಕ್ಕೆ 9. ಶೇ 95ಕ್ಕೆ 19. ಸಿಲ್ಕ್ ಬೋರ್ಡ್‌ನಲ್ಲಿ ಬೆಳಿಗ್ಗೆ ಏಳೂವರೆಗೆ ಹೊರಡೋದಕ್ಕೂ ಎಂಟಕ್ಕೆ ಹೊರಡೋದಕ್ಕೂ ಯಾಕೆ ಅಷ್ಟು ವ್ಯತ್ಯಾಸ ಅಂತ ಇದನ್ನು ಓದಿದ ದಿನ ನನಗೆ ಹೊಳೆಯಿತು. ಈ ಸರತಿ ಸಾಲಿನ ಲೆಕ್ಕ ಶುರುವಾದದ್ದು ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ. ಕೋಪನ್‌ಹೇಗನ್‌ನ ಎರ್ಲಾಂಗ್ 1909ರಲ್ಲಿ ಇದರ ಮೊದಲ ಲೇಖನ ಬರೆದ.

ಇನ್ನೊಂದು ಉದಾಹರಣೆ, ಪೇಮೆಂಟ್ ಕಂಪನಿಗಳಲ್ಲಿ ಇರುವವರಿಗೆ. ಸಾವಿರಕ್ಕೆ ಒಂದು ವ್ಯವಹಾರ ಮೋಸದ್ದು ಅಂತ ಇಟ್ಟುಕೊಳ್ಳಿ. ನಿಮ್ಮ ಮಾಡೆಲ್ ಮೋಸವನ್ನೂ ಶೇ 99 ಸರಿಯಾಗಿ ಹಿಡಿಯುತ್ತದೆ, ಒಳ್ಳೆಯದನ್ನೂ ಶೇ 99 ಸರಿಯಾಗಿ ಬಿಡುತ್ತದೆ. ಅಲರ್ಟ್ ಬಂದರೆ ಅದು ನಿಜಕ್ಕೂ ಮೋಸ ಆಗಿರುವ ಸಾಧ್ಯತೆ ಎಷ್ಟು? ಶೇ 99 ಅಂದಿರಾ? ಒಂದು ಲಕ್ಷ ವ್ಯವಹಾರ ತಗೊಳ್ಳಿ. ಮೋಸದ್ದು 100, ಅದರಲ್ಲಿ ಸಿಕ್ಕಿಬೀಳೋದು 99. ಒಳ್ಳೆಯದು 99,900, ಅದರಲ್ಲಿ ಸುಮ್ನೆ ಗಂಟೆ ಬಾರಿಸೋದು 999. ಒಟ್ಟು 1,098 ಅಲರ್ಟ್‌ಗಳಲ್ಲಿ ನಿಜವಾದದ್ದು 99. ಶೇ 9. ಬೇಯ್ಸ್ (Bayes) ಸೂತ್ರ ಅಂದರೆ ಇಷ್ಟೇ. ಆನ್-ಕಾಲ್ ರಾತ್ರಿಗಳಲ್ಲಿ ಬರುವ ಅಲರ್ಟ್ ಬಗ್ಗೆಯೂ ಇದೇ ಲೆಕ್ಕ ಹಾಕಿ ನೋಡಿ.

*ಹೋಲಿಕೆ, ಹುಡುಕಾಟ, ಮಾಡೆಲ್: ಲೀನಿಯರ್ ಆಲ್ಜಿಬ್ರಾ*

ಆ 0.7 ಇದೆಯಲ್ಲ, ಅದು ಇಲ್ಲಿಗೆ ಸೇರಿದ್ದು. ಎಂಬೆಡಿಂಗ್ ಅಂದರೆ ಒಂದು ವಾಕ್ಯವನ್ನು ಉದ್ದನೆಯ ಸಂಖ್ಯೆಗಳ ಸಾಲಾಗಿ ಮಾಡೋದು. ಬರ್ಟ್ ಬೇಸ್ ಎಂಬ ಭಾಷಾ ಮಾಡೆಲ್‌ನಲ್ಲಿ ಆ ಸಾಲಿಗೆ 768 ಸಂಖ್ಯೆ. ಎರಡು ಸಾಲುಗಳ ನಡುವಿನ ಕೋನದ ಕೊಸೈನ್ ನಿಮ್ಮ ಹೋಲಿಕೆ. 0.7 ಅಂದರೆ "ಶೇ 70 ಒಂದೇ ಥರ" ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಸುಮಾರು 45 ಡಿಗ್ರಿ ಕೋನ, ಅಷ್ಟೇ. 768 ದಿಕ್ಕುಗಳಿರುವ ಜಾಗದಲ್ಲಿ ಕಣ್ಣುಮುಚ್ಚಿ ಎರಡು ಗೆರೆ ಎಳೆದರೆ ಅವು ಹೆಚ್ಚುಕಡಿಮೆ ಲಂಬವಾಗಿಯೇ ಇರುತ್ತವೆ. ಆದರೆ ನಿಜವಾದ ಎಂಬೆಡಿಂಗ್‌ಗಳು ಹಾಗೆ ಎಲ್ಲ ಕಡೆ ಹರಡಿರುವುದಿಲ್ಲ, ಒಂದು ಕಡೆ ಗುಂಪುಗಟ್ಟಿರುತ್ತವೆ. ಹಾಗಾಗಿ 0.7 ಒಂದು ಮಾಡೆಲ್‌ನಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ನಿಮ್ಮ ಡೇಟಾದಲ್ಲೇ ಅಳೆಯಬೇಕು. ಏನನ್ನು ಅಳೆಯೋದು ಅಂತ ಗೊತ್ತಾಗಲು ಈ ಶಾಖೆ ಬೇಕು.

ನೋಟ್‌ಬುಕ್‌ನಲ್ಲಿ ಮಾಡೆಲ್, ಶಿಫಾರಸು, ಗ್ರಾಫಿಕ್ಸ್, ಇಮೇಜ್ ಅಂತ ಪದೇ ಪದೇ ಬಂದಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ತಗೊಳ್ಳಿ. ಕ್ಯಾಲ್ಕುಲಸ್ ಮೊದಲು ಮುಗಿಸಬೇಕಾ ಅಂತ ಕೇಳುತ್ತಾರೆ. ಬೇಡ. ನ್ಯೂರಲ್ ನೆಟ್‌ವರ್ಕ್ ಕಲಿಯುವ ಬಗೆ ಅರ್ಥವಾಗಲು ಮುಖ್ಯವಾಗಿ ಬೇಕಾಗಿರೋದು ಚೈನ್ ರೂಲ್. ಅದು ಪಿಯುಸಿಯಲ್ಲೇ ಆಗಿದೆ.

*ಕ್ರಿಪ್ಟೋ, ತಪ್ಪು ಹಿಡಿಯುವ ಕೋಡ್: ನಂಬರ್ ಥಿಯರಿ ಮತ್ತು ಆಲ್ಜಿಬ್ರಾ*

ಇದು ನನಗೆ ಅತಿ ಇಷ್ಟದ ಶಾಖೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ತರಕಾರಿ ಗಾಡಿಯ ಮೇಲಿನ ಕ್ಯೂಆರ್ ಕೋಡ್ ಮಾಸಿರುತ್ತದೆ, ನಡುವೆ ಲೋಗೋ ಬೇರೆ ಅಂಟಿಸಿರುತ್ತಾರೆ. ಆದರೂ ಫೋನ್ ಓದುತ್ತದೆ. ಯಾಕೆಂದರೆ ಒಳಗೆ ರೀಡ್ ಮತ್ತು ಸಾಲಮನ್ 1960ರಲ್ಲಿ ಕಟ್ಟಿದ ಒಂದು ಕೋಡ್ ಇದೆ. ಅದು 256 ಸಂಖ್ಯೆಗಳಷ್ಟೇ ಇರುವ ಒಂದು ಪುಟ್ಟ ಲೋಕದಲ್ಲಿ ಲೆಕ್ಕ ಮಾಡುತ್ತದೆ. ಅತಿ ಗಟ್ಟಿ ಮಟ್ಟ ಆರಿಸಿದರೆ ಸುಮಾರು ಶೇ 30ರಷ್ಟು ಹಾಳಾದರೂ ವಾಪಸ್ ಪಡೆಯಬಹುದು.

ಆಧಾರ್ ಸಂಖ್ಯೆಯ 12ನೇ ಅಂಕಿಯೂ ಹೀಗೇ. ಅದು ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿದ ಕಾವಲು ಅಂಕಿ. ವಿಧಾನ ಫರ್‌ಹುಫ್ ಎಂಬ ಡಚ್ ಗಣಿತಜ್ಞನದ್ದು, 1969ರದ್ದು. ಐದು ಮೂಲೆಯ ಆಕೃತಿಯನ್ನು ತಿರುಗಿಸುವ, ಮಗುಚುವ 10 ಬಗೆಗಳಿವೆ. ಹತ್ತು ಅಂಕಿಗಳನ್ನು ಆ ಹತ್ತು ಬಗೆಗೆ ಹೊಂದಿಸಿ ಲೆಕ್ಕ ನಡೆಯುತ್ತದೆ. ಮೊದಲು ತಿರುಗಿಸಿ ಆಮೇಲೆ ಮಗುಚಿದರೆ ಒಂದು ಫಲ, ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಇನ್ನೊಂದು. ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಅದಕ್ಕೇ ಪಕ್ಕಪಕ್ಕದ ಅಂಕಿ ಅದಲುಬದಲಾದರೆ ಸಿಕ್ಕಿಬೀಳುತ್ತದೆ. ಗ್ರೂಪ್ ಥಿಯರಿ ಯಾತಕ್ಕೆ ಅಂತ ಕಾಲೇಜಿನಲ್ಲಿ ಯಾರಾದರೂ ಇದನ್ನು ಹೇಳಿದ್ದರೆ!

ಸೆಕ್ಯೂರಿಟಿ ಕೆಲಸದಲ್ಲಿ ಇರುವವರು ಇದನ್ನು ಮುಂದೂಡಬೇಡಿ. ಆರ್‌ಎಸ್‌ಎ ಎಂಬ ಗುಪ್ತಲಿಪಿ ವಿಧಾನ 1977ರಿಂದ ಇದೆ. ಕ್ವಾಂಟಮ್ ಕಂಪ್ಯೂಟರ್‌ಗೂ ಬಗ್ಗದಿರಲಿ ಅಂತ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಹೊಸ ಮಾನದಂಡಗಳನ್ನು ಹೊರತಂದಿತು. ಅದರಲ್ಲಿ ಮುಖ್ಯವಾದವು ಲ್ಯಾಟಿಸ್ (ವೆಕ್ಟರ್ ಕೂಡಿಸಿ ಕಟ್ಟಿದ ಬಿಂದುಗಳ ಜಾಲರಿ) ಗಣಿತದ ಮೇಲೆ ನಿಂತಿವೆ. ಹಾಗಾಗಿ ಲೀನಿಯರ್ ಆಲ್ಜಿಬ್ರಾ ಕೂಡ ಜೊತೆಗೆ ಬೇಕಾಗುತ್ತದೆ.

*ಉಳಿದವು, ಬೇಗ ಬೇಗ*

"ಹೀಗಾಗಲು ಸಾಧ್ಯವೇ ಇಲ್ಲ, ಆದರೂ ಆಯ್ತು" ಅನ್ನುವಂಥ ಬಗ್ ನೋಟ್‌ಬುಕ್‌ನಲ್ಲಿ ಜಾಸ್ತಿ ಇದ್ದರೆ, ಎರಡು ಸರ್ವರ್ ಒಂದೇ ಹಣವನ್ನು ಎರಡು ಸಲ ಕಡಿತ ಮಾಡಿದಂಥದ್ದು, ಲಾಜಿಕ್ ನೋಡಿ. ಲೆಸ್ಲಿ ಲ್ಯಾಂಪೋರ್ಟ್‌ರ ಟಿಎಲ್‌ಎ ಪ್ಲಸ್ ಎಂಬ ಭಾಷೆಯಲ್ಲಿ ಡಿಸೈನ್ ಬರೆದರೆ, ಅದರ ಜೊತೆಗಿನ ಟೂಲ್ ಎಲ್ಲ ದಾರಿಗಳನ್ನೂ ತಡಕಿ ತಪ್ಪು ಹುಡುಕುತ್ತದೆ. ಅಮೆಜಾನ್‌ನ ಕ್ಲೌಡ್ ತಂಡಗಳು ಇದನ್ನು ಬಳಸಿವೆ.

ಯಾವ ಆರ್ಡರ್ ಯಾವ ರೈಡರ್‌ಗೆ ಕೊಡಬೇಕು, ಯಾವ ಕೆಲಸ ಯಾವ ಮಷೀನ್‌ಗೆ ಹಾಕಬೇಕು ಅನ್ನೋರಿಗೆ ಆಪ್ಟಿಮೈಸೇಶನ್. ಪಿಯುಸಿಯ ಲೀನಿಯರ್ ಪ್ರೋಗ್ರಾಮಿಂಗ್‌ನ ಅಣ್ಣ ಅಂದುಕೊಳ್ಳಿ.

ಗ್ರಾಫ್ ಥಿಯರಿ? ಇಂಟರ್‌ವ್ಯೂಗೆ ಅಂತ ನೀವು ಆಗಲೇ ಅರ್ಧ ಕಲಿತಿದ್ದೀರಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸೋದನ್ನೂ ನಗರದ ಒನ್‌ವೇಗಳನ್ನೂ ಅದರಲ್ಲಿ ಬರೆಯಬಹುದು, ಚೆಂದ ಇದೆ. ಮ್ಯಾಪ್ ಅಥವಾ ನೆಟ್‌ವರ್ಕ್ ಕೆಲಸ ಅಲ್ಲದಿದ್ದರೆ ಸದ್ಯಕ್ಕೆ ಇದ್ದಷ್ಟು ಸಾಕು.

ಕ್ಯಾಟಗರಿ ಥಿಯರಿ ಬಗ್ಗೆ ನನಗೆ ಸಿಟ್ಟಿಲ್ಲ. ಹ್ಯಾಸ್ಕೆಲ್ ಭಾಷೆಯಲ್ಲಿ ಕೋಡ್ ಬರೆಯೋರಿಗೆ, ಪ್ರೋಗ್ರಾಮಿಂಗ್ ಭಾಷೆಗಳನ್ನೇ ಕಟ್ಟೋರಿಗೆ ಅದು ಬೇಕು. ಆದರೆ ಅದು ಬೇರೆ ಬೇರೆ ಗಣಿತಗಳ ನಡುವಿನ ಹೋಲಿಕೆಯನ್ನು ಹೇಳುವ ಗಣಿತ. ಹೋಲಿಸಲು ಕೈಯಲ್ಲಿ ಎರಡು ಮೂರು ಶಾಖೆಗಳಾದರೂ ಇರಬೇಕಲ್ವಾ? ನಾನು ಬರಿಗೈಯಲ್ಲಿ ಹೋಗಿದ್ದೆ.

ಹೆಜ್ಜೆ 3: ಮೆಟ್ಟಿಲು ಗಟ್ಟಿ ಇದೆಯಾ ನೋಡಿ

ಈಗ ನೋಟ್‌ಬುಕ್‌ನಲ್ಲಿ ಯಾವ ಹೆಸರು ಜಾಸ್ತಿ ಸಲ ಬಂದಿದೆ ಎಣಿಸಿ. ಮೊದಲ ಎರಡನ್ನು ಉಳಿಸಿಕೊಳ್ಳಿ.

ಆಮೇಲೆ ದ್ವಿತೀಯ ಪಿಯುಸಿಯ ಗಣಿತ ಪುಸ್ತಕ ತೆಗೆಯಿರಿ. ಮ್ಯಾಟ್ರಿಕ್ಸ್, ವೆಕ್ಟರ್, ಪ್ರಾಬಬಿಲಿಟಿ ಅಧ್ಯಾಯಗಳಿಂದ ಐದೈದು ಲೆಕ್ಕ ಮಾಡಿ. ಗೈಡ್ ನೋಡಬಾರದು. ಅರ್ಧಕ್ಕಿಂತ ಜಾಸ್ತಿ ತಪ್ಪಿದರೆ ಮೂರು ವಾರ ಅಲ್ಲೇ ಇರಿ. ಅವಮಾನ ಅಂದುಕೊಳ್ಳಬೇಡಿ. ಎಂಜಿನಿಯರಿಂಗ್‌ನಲ್ಲಿ ನಾವು ಹೆಚ್ಚಿನವರು ಎಂ-1, ಎಂ-2 ಗಣಿತ ಪೇಪರ್ ದಾಟಿದ್ದು ಹಳೆಯ ಪ್ರಶ್ನೆಪತ್ರಿಕೆ ನೋಡಿಕೊಂಡು. ನನಗೆ ಎಂ-3 ಬ್ಯಾಕ್ ಇತ್ತು.

ನಂಬರ್ ಥಿಯರಿಗೆ, ಲಾಜಿಕ್‌ಗೆ ಸೂತ್ರಗಳಿಗಿಂತ ಸಾಧನೆ (ಪ್ರೂಫ್) ಬರೆಯುವ ಅಭ್ಯಾಸ ಬೇಕು. "ಎರಡು ಬೆಸ ಸಂಖ್ಯೆಗಳ ಮೊತ್ತ ಸಮ" ಅನ್ನೋದನ್ನು, ಹಟ ಮಾಡುವ ಗೆಳೆಯನೂ ಒಪ್ಪುವ ಹಾಗೆ ನಾಲ್ಕು ಸಾಲಿನಲ್ಲಿ ಬರೆಯಿರಿ. ಬಂದರೆ ಮುಂದೆ ಹೋಗಬಹುದು.

ಹೆಜ್ಜೆ 4: ಎರಡನ್ನೂ ಒಂದೊಂದು ವಾರ ರುಚಿ ನೋಡಿ

ಒಂದು ಶಾಖೆಗೆ ಒಂದು ವಾರ. ಒಂದು ಅಧ್ಯಾಯ, ಕೈಯಲ್ಲಿ ಹತ್ತು ಲೆಕ್ಕ, ಒಂದು ಪುಟ್ಟ ಪ್ರೋಗ್ರಾಂ. ಲೈಬ್ರರಿ ಬಳಸಬೇಡಿ. ಪ್ರಾಬಬಿಲಿಟಿ ಆದರೆ ನನ್ನ ಕೂಪನ್ ಲೆಕ್ಕವನ್ನೇ ಸಾವಿರ ಸಲ ಓಡಿಸಿ, 86 ಬರುತ್ತಾ ನೋಡಿ. ಲೀನಿಯರ್ ಆಲ್ಜಿಬ್ರಾ ಆದರೆ ಹತ್ತು ಸುದ್ದಿ ತಲೆಬರಹಗಳಲ್ಲಿ ಪದ ಎಣಿಸಿ, ಕೊಸೈನ್ ತೆಗೆದು, ಯಾವುದು ಯಾವುದಕ್ಕೆ ಹತ್ತಿರ ನೋಡಿ. ನಂಬರ್ ಥಿಯರಿ ಆದರೆ ಎರಡಂಕಿಯ ಅವಿಭಾಜ್ಯ ಸಂಖ್ಯೆಗಳಿಂದ ಪುಟಾಣಿ ಆರ್‌ಎಸ್‌ಎ ಮಾಡಿ.

ವಾರದ ಕೊನೆಗೆ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಬಸ್ಸಿನಲ್ಲಿ ನಿಂತಿದ್ದಾಗ ಯಾವ ಲೆಕ್ಕ ತಾನಾಗಿ ತಲೆಗೆ ಬಂತು? ಅದನ್ನು ಆರಿಸಿ. ಎರಡೂ ಬರಲಿಲ್ಲ ಅಂದರೆ ಪಟ್ಟಿಯ ಮೂರನೆಯದನ್ನು ನೋಡಿ.

ಹೆಜ್ಜೆ 5: ಒಂದು ಪುಸ್ತಕ ಅಥವಾ ಒಂದು ಕೋರ್ಸ್, ಎರಡಲ್ಲ

ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ, ನಮ್ಮ ಐಐಎಸ್‌ಸಿಯ ಪ್ರಾಧ್ಯಾಪಕರ ಪಾಠಗಳು ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ. ಹಳೆಯ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಅಲೆಯಿರಿ. ಪುಸ್ತಕ ತೆರೆದು ಅಧ್ಯಾಯದ ಕೊನೆಯಲ್ಲಿ ಲೆಕ್ಕಗಳಿವೆಯಾ, ಕೆಲವಕ್ಕಾದರೂ ಉತ್ತರ ಇದೆಯಾ ನೋಡಿ. ಇಲ್ಲದಿದ್ದರೆ ಕೆಳಗಿಡಿ, ಮುಖಪುಟ ಎಷ್ಟೇ ಚೆನ್ನಾಗಿರಲಿ. ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆ ಸಾರ್ವಜನಿಕರಿಗೆ ಉಪನ್ಯಾಸ ಏರ್ಪಡಿಸುತ್ತದೆ. ಹೋಗಿ ಬನ್ನಿ. ಒಂದು ಗಂಟೆಯ ಭಾಷಣದಿಂದ ಗಣಿತ ಬರುವುದಿಲ್ಲ, ಆದರೆ ನಿಮ್ಮಂಥ ಹುಚ್ಚು ಇರುವ ಇನ್ನೊಬ್ಬರು ಪಕ್ಕದ ಕುರ್ಚಿಯಲ್ಲಿ ಸಿಗಬಹುದು. ನನಗೆ ಓದಿನ ಜೊತೆ ಸಿಕ್ಕಿದ್ದು ಹಾಗೇ.

ಹೆಜ್ಜೆ 6: ಹನ್ನೆರಡು ವಾರ

ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ. ಹನ್ನೆರಡು ವಾರಕ್ಕೆ 40 ಗಂಟೆ. ಅಷ್ಟರಲ್ಲಿ ಯಾವ ಶಾಖೆಯೂ ಮುಗಿಯುವುದಿಲ್ಲ, ಆದರೆ ನೋಟ್‌ಬುಕ್‌ನ ಒಂದೆರಡು ಪ್ರಶ್ನೆಗೆ ಉತ್ತರ ಸಿಗಲು ಸಾಕು. ವಿಡಿಯೋ ಮೆಟ್ರೋದಲ್ಲಿ ನೋಡಿ, ಲೆಕ್ಕ ಮಾತ್ರ ಮನೆಯಲ್ಲಿ ಕಾಗದದ ಮೇಲೆ ಮಾಡಿ. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ. ಅಡುಗೆ ವಿಡಿಯೋ ನೋಡಿದ ಹಾಗೆ. ಒಲೆ ಮುಂದೆ ನಿಂತಾಗಲೇ ಗೊತ್ತಾಗೋದು.

ಸಿಕ್ಕಿಕೊಂಡರೆ ಎಐ ಚಾಟ್ ಕೇಳಬಹುದಾ? ಕೇಳಿ, ಆದರೆ 20 ನಿಮಿಷ ಒದ್ದಾಡಿದ ಮೇಲೆ. ಉತ್ತರ ಕೇಳಬೇಡಿ, ನಿಮ್ಮ ಉತ್ತರದಲ್ಲಿ ತಪ್ಪು ಎಲ್ಲಿದೆ ಅಂತ ಕೇಳಿ. ಅದು ಹೇಳಿದ್ದನ್ನೂ ಕೈಯಲ್ಲಿ ಪರೀಕ್ಷಿಸಿ.

ನಾಲ್ಕನೇ ವಾರ ಬೇಜಾರಾಗುತ್ತದೆ. ಎಲ್ಲರಿಗೂ ಆಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆರನೇ ವಾರದಲ್ಲೂ ಒಂದು ಲೆಕ್ಕವೂ ನೀವಾಗಿ ಬಿಡಿಸಲು ಆಗದಿದ್ದರೆ ಹೆಜ್ಜೆ 3ಕ್ಕೆ ವಾಪಸ್ ಹೋಗಿ. ಬಿಡಿಸಲು ಆಗುತ್ತಿದೆ, ಆದರೆ ಮನಸ್ಸೇ ಇಲ್ಲ ಅಂದರೆ ಬಿಟ್ಟುಬಿಡಿ. ಕಟ್ಟಿದ ಫೀಸಿನ ಮುಖ ನೋಡಿ ಮುಂದುವರಿಸಬೇಡಿ.

ಹೆಜ್ಜೆ 7: ಒಂದು ಸಂಖ್ಯೆ ಬದಲಿಸಿ

ಹನ್ನೆರಡನೇ ವಾರ ಕಾನ್ಫಿಗ್ ಫೈಲಿಗೆ ವಾಪಸ್ ಹೋಗಿ. ಅಂದಾಜಿಗೆ ಹಾಕಿದ ಒಂದೇ ಒಂದು ಸಂಖ್ಯೆಯನ್ನು ಲೆಕ್ಕ ಹಾಕಿ ಬದಲಿಸಿ. ಅದೇ ಸಂಖ್ಯೆ ಸರಿ ಅಂತ ಬಂದರೆ ಬದಲಿಸದೆ ಬಿಡಿ. ಎರಡರಲ್ಲಿ ಯಾವುದೇ ಆದರೂ, ಆ ಸಂಖ್ಯೆಯ ಮೇಲೊಂದು ಸಾಲು ಕಾಮೆಂಟ್ ಬರೆಯಿರಿ, ಯಾಕೆ ಈ ಸಂಖ್ಯೆ ಅಂತ. ನನ್ನ ಮೊದಲ ಕಾಮೆಂಟ್ ನೋಡಿ ಪಕ್ಕದ ಸೀಟಿನ ಹುಡುಗ, "ಏನ್ ಮೇಡಂ, ಪಿಎಚ್‌ಡಿ ಮಾಡ್ತಿದ್ದೀರಾ?" ಅಂದ. ಆಮೇಲೆ ಎರಡು ಸಲ ಅದೇ ಲೆಕ್ಕ ತನ್ನ ಕೋಡ್‌ಗೂ ಹಾಕಿಕೊಡಿ ಅಂತ ಬಂದ.

ಕೂಪನ್ ಈಗ ಹತ್ತು ಅಕ್ಷರದ್ದು. ಸೊನ್ನೆ ಮತ್ತು ಓ, ಒಂದು ಮತ್ತು ಐ ಗೊಂದಲ ಆಗುತ್ತವೆ ಅಂತ ಅವನ್ನು ತೆಗೆದರೆ 32 ಚಿಹ್ನೆ ಉಳಿಯುತ್ತವೆ. 2,000 ಕೋಡ್‌ಗಳಲ್ಲಿ ಡಿಕ್ಕಿ ಆಗುವ ಸಾಧ್ಯತೆ 50 ಕೋಟಿಗೆ ಒಂದಕ್ಕಿಂತ ಕಡಿಮೆ. ಯೂನಿಕ್ ಅಂತಲೂ ಹಾಕಿದ್ದೇನೆ, ಬಿಡಿ.

0.7 ಮಾತ್ರ ಇನ್ನೂ ಹಾಗೇ ಇದೆ. ಅದಕ್ಕೆ ಲೀನಿಯರ್ ಆಲ್ಜಿಬ್ರಾ ಸರಿಯಾಗಿ ಕೂತು ಓದಬೇಕು. ಆಷಾಢ ಬರಲಿ ಅಂತ ಕಾಯುತ್ತಿದ್ದೇನೆ. ಆಗ ಮದುವೆ, ಗೃಹಪ್ರವೇಶ ಯಾವುದೂ ಇರುವುದಿಲ್ಲ, ನಾಲ್ಕು ಭಾನುವಾರ ಪೂರ್ತಿ ಖಾಲಿ.